ಎಕ್ಸೆಲ್ ಅಂಕಿಗಳನ್ನು ಸ್ಲೈಡಿಗೆ ತರುವಾಗ: ಅಡಿಕೆ, ಅಣೆಕಟ್ಟು, ಆಗುಂಬೆ ಮಳೆ

ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ಎಕ್ಸೆಲ್‌ನಲ್ಲಿದೆ ಎಂದಿಟ್ಟುಕೊಳ್ಳಿ: ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಬಗೆಗಳದ್ದು. ಚಾರ್ಟ್ ಮಾಡುವ ಮುನ್ನ ಸಂಖ್ಯೆಗಳು ಸೆಲ್‌ನ ಯಾವ ಬದಿಗಿವೆ ನೋಡಿ. ಪಿಡಿಎಫ್‌ನಿಂದ ಬಂದ ಸಂಖ್ಯೆ ಎಡಕ್ಕೆ ನಿಂತಿದ್ದರೆ ಎಕ್ಸೆಲ್ ಅದನ್ನು ಅಕ್ಷರವೆಂದು ಓದಿದೆ. ಚಾರ್ಟ್‌ನಲ್ಲಿ ಅದು ಸೊನ್ನೆ. ಕಾಲಂ ಆಯ್ದು, ಡೇಟಾ ಟ್ಯಾಬಿನ ‘ಟೆಕ್ಸ್ಟ್ ಟು ಕಾಲಮ್ಸ್’ ತೆರೆದು ನೇರವಾಗಿ ‘ಫಿನಿಶ್’ ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಚಾರ್ಟನ್ನು ಪವರ್‌ಪಾಯಿಂಟ್‌ಗೆ ಸುಮ್ಮನೆ ಪೇಸ್ಟ್ ಮಾಡಿದರೆ ಅದು ಎಕ್ಸೆಲ್ ಫೈಲಿಗೆ ಲಿಂಕ್ ಆಗುತ್ತದೆ. ಪೆನ್‌ಡ್ರೈವ್‌ನಲ್ಲಿ ಸ್ಲೈಡ್ ಫೈಲ್ ಮಾತ್ರ ಒಯ್ದರೆ ಚಾರ್ಟ್ ಕಾಣುತ್ತದೆ, ಆದರೆ ಅಂಕಿ ಹಳೆಯದೇ. ‘ಎಡಿಟ್ ಡೇಟಾ’ ತೆರೆಯುವುದಿಲ್ಲ. ಎರಡನ್ನೂ ಒಂದೇ ಫೋಲ್ಡರಿನಲ್ಲಿ ಒಯ್ಯಿರಿ. ಬೇರೆ ಕಂಪ್ಯೂಟರಿನಲ್ಲಿ ಫೈಲ್, ಇನ್ಫೋ, ‘ಎಡಿಟ್ ಲಿಂಕ್ಸ್ ಟು ಫೈಲ್ಸ್’ಗೆ ಹೋಗಿ ‘ಚೇಂಜ್ ಸೋರ್ಸ್’ ಕೊಡಿ. ಪೇಸ್ಟ್ ಮಾಡುವಾಗ ‘ಎಂಬೆಡ್’ ಆಯ್ದರೆ ಈ ತೊಂದರೆ ಇಲ್ಲ. ಆದರೆ ಇಡೀ ವರ್ಕ್‌ಬುಕ್ ಒಳಗೆ ಸೇರುತ್ತದೆ. ಪಕ್ಕದ ಶೀಟಿನಲ್ಲಿ ಬೆಳೆಗಾರರ ಫೋನ್ ನಂಬರು, ಬ್ಯಾಂಕ್ ಖಾತೆ ಇದ್ದರೆ ಫೈಲ್ ಪಡೆದವರೆಲ್ಲ ಅದನ್ನು ತೆರೆದು ನೋಡಬಹುದು. ದಿನವೂ ಬದಲಾಗುವ ಧಾರಣೆಗೆ ಲಿಂಕ್. ಹೊರಗೆ ಕಳಿಸುವ ಪ್ರತಿಗೆ ‘ಪಿಕ್ಚರ್’ ಆಗಿಯೇ ಪೇಸ್ಟ್ ಮಾಡಿ.

‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದ ತಾಲ್ಲೂಕಿನ ಹೆಸರುಗಳು ಸ್ಲೈಡಿನ ಥೀಮ್ ಫಾಂಟಿಗೆ ಬದಲಾದ ಕೂಡಲೇ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತವೆ. ಎಕ್ಸೆಲ್‌ನಲ್ಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಂಡು ಬನ್ನಿ. ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ ಫಾಂಟ್ ಸಾಕು.

ಇನ್ನು ಅಕ್ಷದ ವಿಷಯ. ಇಲ್ಲಿ ನಿಜಕ್ಕೂ ಎಚ್ಚರ ಬೇಕು. ಕಂಬದ ಚಾರ್ಟ್ ಎತ್ತರದಿಂದಲೇ ಮಾತಾಡುತ್ತದೆ, ಆದ್ದರಿಂದ ಸೊನ್ನೆಯಿಂದಲೇ ಶುರುವಾಗಬೇಕು. ಕ್ವಿಂಟಾಲಿಗೆ 48,000 ಮತ್ತು 50,000 ರೂಪಾಯಿಯ ಎರಡು ಧಾರಣೆಗಳನ್ನು 47,000ದಿಂದ ಶುರುಮಾಡಿ ಎಳೆದರೆ, ಒಂದು ಕಂಬ ಇನ್ನೊಂದರ ಮೂರು ಪಟ್ಟು ಕಾಣುತ್ತದೆ. ನಿಜವಾದ ವ್ಯತ್ಯಾಸ ಶೇ. 4ರಷ್ಟು. ಲಿಂಗನಮಕ್ಕಿ ಜಲಾಶಯದ ಮಟ್ಟಕ್ಕೆ ಇದೇ ನಿಯಮ ಹಚ್ಚಬೇಡಿ. ಅದರ ಗರಿಷ್ಠ ಮಟ್ಟ 1819 ಅಡಿ, ಅದೂ ಸಮುದ್ರಮಟ್ಟದಿಂದ ಅಳೆದದ್ದು. ಸೊನ್ನೆಯಿಂದ ಎಳೆದರೆ ಬೇಸಿಗೆಗೂ ಮಳೆಗಾಲಕ್ಕೂ ಗೆರೆ ಅಲ್ಲಾಡುವುದೇ ಇಲ್ಲ. ಇಲ್ಲಿ ಗೆರೆಯ ಚಾರ್ಟ್ ಬಳಸಿ, ‘ಫಾರ್ಮ್ಯಾಟ್ ಆಕ್ಸಿಸ್’ನಲ್ಲಿ ಕನಿಷ್ಠ 1740, ಗರಿಷ್ಠ 1820 ಕೊಡಿ, ಅಕ್ಷ ಎಲ್ಲಿಂದ ಶುರುವೆಂದು ಚಾರ್ಟಿನ ಮೇಲೇ ಬರೆಯಿರಿ.

ಆಗುಂಬೆಯ ವಾರ್ಷಿಕ ಮಳೆ ಸರಾಸರಿ 7000 ಮಿ.ಮೀ. ಮೀರುತ್ತದೆ. ಬಯಲಿನ ಊರುಗಳ ಪಕ್ಕ ಅದನ್ನಿಡಲು ಹನಿಯ ಚಿತ್ರ ಚೆನ್ನಾಗಿ ಒಪ್ಪುತ್ತದೆ. ಆದರೆ ಒಂದು ಹನಿಯನ್ನೇ ಎಳೆದು ದೊಡ್ಡದು ಮಾಡಬೇಡಿ: ಎತ್ತರ, ಅಗಲ ಎರಡೂ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಹನಿಯ ಚಿತ್ರ ಕಾಪಿ ಮಾಡಿ, ಕಂಬಗಳನ್ನು ಆಯ್ದು ಪೇಸ್ಟ್ ಮಾಡಿ, ‘ಫಿಲ್’ ಒಳಗೆ ‘ಸ್ಟ್ಯಾಕ್ ಆಂಡ್ ಸ್ಕೇಲ್ ವಿತ್’ಗೆ 1000 ಕೊಡಿ. ಒಂದು ಹನಿ ಅಂದರೆ 1000 ಮಿ.ಮೀ. ಹನಿ ತೆಳ್ಳಗೆ ಹಿಚುಕಿದಂತಿದ್ದರೆ ಕಂಬಗಳ ನಡುವಿನ ಅಂತರವನ್ನು, ಅಂದರೆ ‘ಗ್ಯಾಪ್ ವಿಡ್ತ್’ ಅನ್ನು, 219ರಿಂದ 60ರ ಆಸುಪಾಸಿಗೆ ಇಳಿಸಿ.

ಒಂದೊಂದೇ ಊರು ತೆರೆಯ ಮೇಲೆ ಬರಲು ಸ್ಲೈಡಿನಿಂದ ಸ್ಲೈಡಿಗೆ ಹೋಗುವಾಗಿನ ‘ಮಾರ್ಫ್’ ಪರಿಣಾಮ ಒದಗುವುದಿಲ್ಲ, ಚಾರ್ಟುಗಳಿಗೆ ಅದು ಬರೀ ಮಸುಕಾಗಿ ಬದಲಾಗುವ ಪರಿಣಾಮ ಕೊಡುತ್ತದೆ. ‘ವೈಪ್’ ಅನಿಮೇಷನ್ ಹಾಕಿ ‘ಬೈ ಕೆಟಗರಿ’ ಆರಿಸಿ. ‘ಚಾರ್ಟ್ ಅನಿಮೇಷನ್’ ಟ್ಯಾಬಿನಲ್ಲಿ ಹಿನ್ನೆಲೆಯನ್ನೂ ಅನಿಮೇಟ್ ಮಾಡುವ ಟಿಕ್ ತೆಗೆದರೆ ಅಕ್ಷಗಳು ಮೊದಲೇ ನಿಂತಿರುತ್ತವೆ, ಕಂಬ ಏಳುವ ಮುನ್ನ ಕೇಳುಗರಿಗೆ ಅಳತೆ ಓದಲು ಸಮಯ ಸಿಗುತ್ತದೆ.