ಸಹಿ ಮಗನದು, ಜೀವ ಅಪ್ಪನದು

ರಾಯಚೂರಿನಲ್ಲಿ ಅರಿವಳಿಕೆ ತಜ್ಞನಾಗಿ ಐಸಿಯು ನೋಡಿಕೊಳ್ಳುವ ನನಗೆ ದಿನ ಬೆಳಗಾದರೆ ಕೇಳಿಬರುವ ಮಾತೊಂದಿದೆ: ‘ಏನಿದ್ದರೂ ನಮಗೆ ಹೇಳಿ ಸರ್, ಅಪ್ಪನಿಗೆ ಮಾತ್ರ ಹೇಳಬೇಡಿ.’ ಹಾಗೆನ್ನುವವರು ಕೆಟ್ಟವರಲ್ಲ. ಮಾನ್ವಿಯಿಂದಲೋ ದೇವದುರ್ಗದಿಂದಲೋ ಬಾಡಿಗೆ ಗಾಡಿ ಮಾಡಿಕೊಂಡು ಬಂದು, ವರಾಂಡದಲ್ಲಿ ಚಾಪೆ ಹಾಸಿ ಮಲಗುವ ಮಕ್ಕಳು. ಅಪ್ಪ ಎದೆಗುಂದುತ್ತಾನೆ ಎಂಬ ಭಯ ಅವರದು. ಆದರೆ ಆ ಒಂದು ಮಾತಿನಿಂದಾಚೆಗೆ ಎಲ್ಲವೂ ಅಪ್ಪನ ಬೆನ್ನ ಹಿಂದೆಯೇ ನಡೆಯುತ್ತದೆ. ಗಂಟಲಿಗೆ ಕೊಳವೆ ಹಾಕಬೇಕೆ, ಡಯಾಲಿಸಿಸ್ ಮಾಡಿಸಬೇಕೆ, ಹೈದರಾಬಾದಿಗೆ ಒಯ್ಯಬೇಕೆ ಎಂಬುದನ್ನೆಲ್ಲ ಮಗ, ಅಳಿಯ, ಊರಿನ ಹಿರಿಯರು, ಕೆಲವೊಮ್ಮೆ ಫೋನಿನಲ್ಲಿ ಬೆಂಗಳೂರಿನ ಸೋದರಮಾವ ಸೇರಿ ತೀರ್ಮಾನಿಸುತ್ತಾರೆ. ಹತ್ತು ಹೆಜ್ಜೆ ದೂರದಲ್ಲಿ, ಪೂರ್ಣ ಎಚ್ಚರದಲ್ಲಿ ಮಲಗಿರುವ ಮನುಷ್ಯನನ್ನು ಯಾರೂ ಕೇಳುವುದಿಲ್ಲ.

ಘನತೆಯ ಸಾವಿನ ಚರ್ಚೆ ಎದ್ದಾಗಲೆಲ್ಲ ಜನ ನನ್ನನ್ನು ಕೇಳುವುದು ದಯಾಮರಣದ ಬಗ್ಗೆ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದು ಭಾರತದಲ್ಲಿ ಇಂದಿಗೂ ಅಪರಾಧ. ಗುಣವಾಗುವ ಆಸೆ ಉಳಿಯದ ರೋಗಿಗೆ ಕೃತಕವಾಗಿ ಜೀವ ಹಿಡಿದಿಡುವ ಚಿಕಿತ್ಸೆಯನ್ನು ಆರಂಭಿಸದಿರಲು, ಅಥವಾ ಆರಂಭಿಸಿದ್ದನ್ನು ನಿಲ್ಲಿಸಲು ಮಾತ್ರ ಅವಕಾಶವಿದೆ. ಈ ದಾರಿ ತೆರೆದದ್ದು ನಮ್ಮದೇ ಉತ್ತರ ಕನ್ನಡದ ಹಳದೀಪುರದ ಹೆಣ್ಣುಮಗಳ ಪ್ರಕರಣದಿಂದ. ಮುಂಬೈಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ 1973ರಲ್ಲಿ ಹಲ್ಲೆಗೊಳಗಾದ ಮೇಲೆ 2015ರಲ್ಲಿ ತೀರಿಕೊಳ್ಳುವವರೆಗೂ ಅರಿವು ಮರಳದೆ ಆಸ್ಪತ್ರೆಯಲ್ಲೇ ಉಳಿದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಸಾಯಲು ಬಿಡಬೇಕೆಂದು ಅವರ ಪರವಾಗಿ ಪತ್ರಕರ್ತೆಯೊಬ್ಬರು ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು. ಅಷ್ಟು ವರ್ಷ ಆರೈಕೆ ಮಾಡಿದ ನರ್ಸುಗಳು ಅವರು ಬದುಕಲಿ ಎಂದಿದ್ದರು. ಆದರೂ ಇಂಥ ಚಿಕಿತ್ಸೆಯನ್ನು ನಿಲ್ಲಿಸಬಹುದು ಎಂಬ ತತ್ತ್ವವನ್ನು ಕೋರ್ಟ್ ಒಪ್ಪಿತು. ಅಲ್ಲಿ ಅರುಣಾ ಏನು ಬಯಸಿದ್ದರು ಎಂದು ತಿಳಿಯುವ ದಾರಿಯೇ ಇರಲಿಲ್ಲ. ನಮ್ಮ ವಾರ್ಡುಗಳಲ್ಲಿ ದಾರಿ ಇದೆ, ನಾವು ಕೇಳುವುದಿಲ್ಲ.

ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿ ಬದುಕಿದ ಒಬ್ಬರ ಉದಾಹರಣೆ ಕೊಡುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ದೂಳು ಮತ್ತು ಬೀಡಿಯಿಂದ ಶ್ವಾಸಕೋಶ ಸವೆದುಹೋಗಿತ್ತು. ಉಸಿರು ಕಟ್ಟಿ ಬಂದಾಗಲೆಲ್ಲ ಮಗ ಸಹಿ ಹಾಕುವುದು, ನಾವು ಕೊಳವೆ ಹಾಕಿ ವೆಂಟಿಲೇಟರಿಗೆ ಜೋಡಿಸುವುದು ನಡೆದಿತ್ತು. ಒಮ್ಮೆ ಚೇತರಿಸಿಕೊಂಡು ಮಂಚದ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾಗ ಮಗನ ಎದುರೇ ಕೇಳಿದೆ: ‘ಯಜಮಾನರೇ, ಮುಂದಿನ ಸಲ ಹೀಗೇ ಆದರೆ ಮತ್ತೆ ಮಷಿನ್ ಹಾಕಬೇಕೇ?’ ಅವರು ಬಟ್ಟಲು ಕೆಳಗಿಟ್ಟು ಎರಡೂ ಮಣಿಕಟ್ಟು ಚಾಚಿದರು. ಕೊಳವೆ ಕಿತ್ತುಕೊಳ್ಳದಂತೆ ನಾವು ಕಟ್ಟಿದ್ದ ಪಟ್ಟಿಯ ಗುರುತು ಇನ್ನೂ ಇತ್ತು. ‘ಮುಖಕ್ಕೆ ಕಟ್ಟುವುದನ್ನು ಕಟ್ಟಿ, ತಾಳಿಕೊಳ್ಳುತ್ತೇನೆ. ಬಾಯಿಗೆ ಪೈಪ್ ಬೇಡ, ಕೈ ಕಟ್ಟುವುದು ಬೇಡ. ಮಾತು ನಿಂತು ಹೋಗುತ್ತದೆ’ ಎಂದರು. ಮಗ ಅವಾಕ್ಕಾಗಿ ನಿಂತಿದ್ದ.

ಉತ್ತರ ಎಷ್ಟು ಖಚಿತವಾಗಿದೆ ನೋಡಿ. ಮಾಸ್ಕ್ ಮೂಲಕ ಉಸಿರಾಟಕ್ಕೆ ನೆರವು ಕೊಡುವ ಯಂತ್ರಕ್ಕೆ ಒಪ್ಪಿಗೆ, ಗಂಟಲ ಕೊಳವೆಗೆ ಇಲ್ಲ. ‘ಎಲ್ಲ ಮಾಡಿ’ ಮತ್ತು ‘ಏನೂ ಬೇಡ’ ಎಂಬ ಎರಡೇ ಮಾತು ಗೊತ್ತಿರುವ ನಮಗೂ ಬಂಧುಗಳಿಗೂ ಇಂಥ ಮಧ್ಯದ ದಾರಿ ಹೊಳೆಯುವುದೇ ಇಲ್ಲ. ಅನುಭವಿಸಿದವರಿಗೆ ಹೊಳೆಯುತ್ತದೆ. ಅವರ ಮಾತನ್ನು ಕೇಸ್ ಶೀಟಿನಲ್ಲಿ ಬರೆದು, ದಿನಾಂಕ ಹಾಕಿ, ಇಬ್ಬರಿಂದಲೂ ಸಹಿ ಮಾಡಿಸಿಕೊಂಡೆ.

ಬಂಧುಗಳ ಸಹಿಯೇ ಸಾಕು ಎಂಬ ನಂಬಿಕೆ ನಮ್ಮ ವೈದ್ಯರಲ್ಲೂ ಬೇರೂರಿದೆ. ಇದು ತಪ್ಪೆಂದು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅರಿವಳಿಕೆಯಲ್ಲಿದ್ದ ವಯಸ್ಕ ಮಹಿಳೆಯ ಗರ್ಭಕೋಶವನ್ನು ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ತುರ್ತು ಇಲ್ಲದಿದ್ದಾಗ ತಾಯಿಯ ಒಪ್ಪಿಗೆ ರೋಗಿಯ ಒಪ್ಪಿಗೆಗೆ ಸಮವಲ್ಲ ಎಂದು ಕೋರ್ಟ್ ತೀರ್ಪಿತ್ತಿತು.

‘ನನ್ನದೇನಿದೆ, ಮಗ ಹೇಳಿದಂತೆ ಆಗಲಿ’ ಎನ್ನುವ ಅವ್ವಂದಿರು ನಮ್ಮಲ್ಲಿ ಬಹಳ. ಅದನ್ನು ನಾನು ಗೌರವಿಸುತ್ತೇನೆ, ಮಗನಿಗೆ ಬಿಟ್ಟುಕೊಡುವುದೂ ಒಂದು ಆಯ್ಕೆಯೇ. ಆದರೆ ಆ ಮಾತು ಅವ್ವನ ಬಾಯಿಂದಲೇ ಬರಬೇಕು, ಮಗನ ಬಾಯಿಂದಲ್ಲ. ತನ್ನ ಕಾಯಿಲೆ ತಿಳಿಯುವುದು ಬೇಡ ಎನ್ನುವ ಹಕ್ಕೂ ಆಕೆಗಿದೆ. ‘ನಿಮ್ಮ ರಿಪೋರ್ಟಿನ ಬಗ್ಗೆ ನಿಮಗೆ ಹೇಳಲೋ, ಮನೆಯವರಿಗೆ ಹೇಳಲೋ?’ ಎಂದು ಮೊದಲ ದಿನವೇ ಕೇಳಿಬಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

ಇದಕ್ಕಿಂತ ಕಠಿಣವಾದದ್ದು ದುಡ್ಡಿನ ಪ್ರಶ್ನೆ. ‘ಸಾಕು ಸರ್, ಮನೆಗೆ ಒಯ್ಯುತ್ತೇವೆ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಖಾಸಗಿ ಆಸ್ಪತ್ರೆಯ ಬಿಲ್ಲು ಮತ್ತು ಅಡವಿಟ್ಟ ಎರಡು ಎಕರೆ. ಇದನ್ನು ರೋಗಿಯ ಸ್ವಾತಂತ್ರ್ಯ ಎಂದು ಕರೆಯಲು ನನಗೆ ನಾಚಿಕೆಯಾಗುತ್ತದೆ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗಬಹುದು. ಗುಣವಾಗುವ ನ್ಯುಮೋನಿಯಾ ಇರುವವರನ್ನು ಖರ್ಚಿಗೆ ಹೆದರಿ ಮನೆಗೆ ಒಯ್ಯುವುದು ಬೇರೆ, ದೇಹವೆಲ್ಲ ಹಬ್ಬಿದ ಕ್ಯಾನ್ಸರಿನ ಕೊನೆಯ ವಾರದಲ್ಲಿ ಒಯ್ಯುವುದು ಬೇರೆ. ಮೊದಲನೆಯದನ್ನು ತಡೆಯಲು ನಾನು ಜಗಳಕ್ಕೂ ಸಿದ್ಧ.

ಎರಡನೆಯದರಲ್ಲಿ ನನ್ನ ಜಗಳ ಆಸ್ಪತ್ರೆಗಳೊಂದಿಗೆ. ಜೀವ ಇರುವಾಗಲೇ ಮನೆಯ ಹೊಸ್ತಿಲು ದಾಟಿಸಬೇಕು ಎಂಬುದು ನಮ್ಮ ಭಾಗದ ಅನೇಕ ಮನೆಗಳ ಬಯಕೆ, ಅದರಲ್ಲಿ ತಪ್ಪೇನಿಲ್ಲ. ಆದರೆ ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ನಾವು ಕೈ ತೊಳೆದುಕೊಳ್ಳುತ್ತೇವೆ. ಸಿಂಧನೂರು ದಾಟುವವರೆಗೆ ಆಂಬುಲೆನ್ಸಿನಲ್ಲಿ ಗಾಳಿಯ ಚೀಲ ಒತ್ತುತ್ತಾ ಹೋಗುವ ಹುಡುಗನಿಗೆ ಮುಂದೇನು ಮಾಡಬೇಕೆಂದು ಗೊತ್ತಿರುವುದಿಲ್ಲ. ಮನೆಗೆ ಕಳಿಸುವುದೇ ಸರಿ ಎಂದು ನಮ್ಮ ಮನಸ್ಸಿಗೂ ಅನಿಸಿರುವಾಗ ‘ಸಲಹೆಗೆ ವಿರುದ್ಧ’ ಎಂದು ಬರೆಯುವುದು ಸುಳ್ಳು. ಉಪಶಾಮಕ ಆರೈಕೆಗಾಗಿ, ಅಂದರೆ ನೋವು-ಸಂಕಟ ತಗ್ಗಿಸುವ ಆರೈಕೆಗಾಗಿ, ಬಿಡುಗಡೆ ಎಂದೇ ಬರೆಯಬಹುದು, ಜೊತೆಗೆ ಔಷಧವನ್ನೂ ಕೊಡಬಹುದು. ನೋವಿಗೂ ಏದುಸಿರಿಗೂ ಮಾರ್ಫಿನ್ ಬೇಕು. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದು ಮೊದಲಿನಷ್ಟು ತೊಡಕಿನದಲ್ಲ. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಬೇಗ ತರುವುದಿಲ್ಲ; ಮಲಬದ್ಧತೆ ಖಂಡಿತ ತರುತ್ತದೆ, ಅದಕ್ಕೆ ಜೊತೆಯಲ್ಲೇ ಮಾತ್ರೆ ಕೊಡಬೇಕು. ಕೊನೆಯ ದಿನಗಳಲ್ಲಿ ಊಟ ಬೇಡವಾಗುವುದು ಸಹಜ, ಬಲವಂತದಿಂದ ಗಂಜಿ ಹಾಕಿದರೆ ಶ್ವಾಸನಾಳಕ್ಕೆ ಹೋಗುತ್ತದೆ, ಒದ್ದೆ ಬಟ್ಟೆಯಿಂದ ತುಟಿ ತೇವ ಮಾಡಿದರೆ ಸಾಕು. ಇಷ್ಟನ್ನು ಹೇಳಲು ಹತ್ತು ನಿಮಿಷವೂ ಬೇಡ.

ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡಲು ಬಯಸುವವರಿಗೆ 2018ರ ಮಾರ್ಚ್ 9ರ ಸಂವಿಧಾನ ಪೀಠದ ತೀರ್ಪು ಅವಕಾಶ ಕೊಟ್ಟಿದೆ. ಮೊದಲು ಮ್ಯಾಜಿಸ್ಟ್ರೇಟರ ಮೇಲುಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕೆಂದರು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಬೇಕು, ನಿಮ್ಮ ಪರವಾಗಿ ಮಾತಾಡುವವರನ್ನು ಹೆಸರಿಸಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು. ಅದು ಜಾರಿಗೆ ಬರುವುದು ರೋಗಿಗೆ ನಿರ್ಧರಿಸುವ ಶಕ್ತಿ ಇಲ್ಲದಾಗ ಮಾತ್ರ, ಅದೂ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಿ, ಮ್ಯಾಜಿಸ್ಟ್ರೇಟರಿಗೆ ತಿಳಿಸಿದ ಮೇಲೆ. ಆಸ್ತಿಗಾಗಿ ಅವಸರ ಮಾಡುವ ಮಕ್ಕಳೂ ಇರುವ ಲೋಕದಲ್ಲಿ ಈ ಎರಡು ಬಾಗಿಲು ಇರಲೇಬೇಕು. 2025ರ ಜನವರಿಯಲ್ಲಿ ನಮ್ಮ ಆರೋಗ್ಯ ಇಲಾಖೆಯೂ ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ.

ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಗೆ ಕೊಡಬೇಕು, ಕುಟುಂಬದ ವೈದ್ಯರಿದ್ದರೆ ಅವರಿಗೂ ಒಂದು. ಮೂಲ ಪ್ರತಿಯನ್ನು ಹೊಲದ ಪಹಣಿಯೊಂದಿಗೆ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ರಾತ್ರಿ ಎರಡು ಗಂಟೆಗೆ ನಿಮ್ಮನ್ನು ಕರೆತರುವವರ ಮೊಬೈಲಿನಲ್ಲಿ ಅದರ ಫೋಟೋ ಇರಲಿ.