ಇಲಿಯ ತಲೆಯೊಳಗಿನ ಒಳದಾರಿಗಳು

2020ರ ಮಾರ್ಚ್‌ನಲ್ಲಿ, ಕೊರೊನಾ ಶುರುವಾದಾಗ, ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದ್ದನ್ನು ಕಾಸರಗೋಡಿನವರು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ದೊಡ್ಡ ಕಾಯಿಲೆ ಬಂದರೆ ಮಂಗಳೂರಿಗೆ ಓಡುವ ಊರು ನಮ್ಮದು. ಹೆದ್ದಾರಿ ಬಂದ್ ಆದರೇನು, ಒಳದಾರಿ ಉಂಟಲ್ಲ ಎಂದುಕೊಂಡರೆ ಅಲ್ಲೂ ಮಣ್ಣು ಸುರಿದಿದ್ದರು. ಮಿದುಳಿನ ರಕ್ತನಾಳ ಕಟ್ಟಿಕೊಂಡು ಸ್ಟ್ರೋಕ್ ಆದಾಗಲೂ ಇಂಥ ಒಳದಾರಿಯೇ ಗತಿ. ಅದಿದ್ದರೆ ಸುತ್ತುಬಳಸಿಯಾದರೂ ಸ್ವಲ್ಪ ರಕ್ತ ತಲುಪುತ್ತದೆ. ಇಲ್ಲದಿದ್ದರೆ ಆ ಭಾಗ ಬೇಗ ಸಾಯುತ್ತದೆ.

ಇದು ಹಳೆಯ ತಿಳಿವಳಿಕೆ. ಮಿದುಳಿನ ಬುಡದಲ್ಲಿ ರಕ್ತನಾಳಗಳು ಬಳೆಯಂತೆ ಕೂಡಿಕೊಂಡಿರುವುದನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ 1664ರಲ್ಲೇ ವಿವರಿಸಿದ್ದರು. ಗೊಂದಲ ಶುರುವಾಗಿದ್ದು ಇಲಿಗಳಿಂದ, 1990ರ ದಶಕದಲ್ಲಿ.

ಬೇಕಾದ ಜೀನ್ ಒಂದನ್ನು ಕೆಡಿಸಿ ಇಲಿಮರಿ ಹುಟ್ಟಿಸುವ ವಿದ್ಯೆ ಆಗಷ್ಟೇ ಕೈಗೆ ಬಂದಿತ್ತು. (ಅದಕ್ಕೆ 2007ರಲ್ಲಿ ಮೂವರಿಗೆ ನೊಬೆಲ್ ಸಿಕ್ಕಿತು.) ಸ್ಟ್ರೋಕ್ ಸಂಶೋಧಕರಿಗೆ ಹಬ್ಬ. ಜೀನ್ ಕೆಡಿಸು, ಕತ್ತಿನ ನಾಳದಲ್ಲಿ ನೈಲಾನ್ ನೂಲು ತೂರಿಸಿ ಮಿದುಳಿನ ಮಧ್ಯದ ಧಮನಿ ಕಟ್ಟು, ಮರುದಿನ ಸತ್ತ ಭಾಗ ಅಳೆ. ಹಾನಿ ಕಡಿಮೆಯೇ? ಹಾಗಾದರೆ ಆ ಜೀನೇ ಕಳ್ಳ. ಸುಲಭದ ಲೆಕ್ಕ, ಅಲ್ವಾ?

ಲೆಕ್ಕ ತಪ್ಪಿದ್ದು ತಳಿಯಲ್ಲಿ. ಜೀನ್ ಬದಲಿಸಲು ಬಳಸುತ್ತಿದ್ದ ಕೋಶಗಳು ಹೆಚ್ಚಾಗಿ ‘129’ ಎಂಬ ತಳಿಯವು. ಹುಟ್ಟಿದ ಮರಿಗಳನ್ನು ‘ಸಿ57 ಬ್ಲ್ಯಾಕ್ 6’ ಎಂಬ ಕಪ್ಪು ಇಲಿಗಳ ಜೊತೆ ಕೂಡಿಸುತ್ತಿದ್ದರು. ಒಂದೇ ಜೀನ್ ಬೇರೆ ಎಂದುಕೊಂಡ ಇಲಿಗಳಲ್ಲಿ ಎರಡು ಮನೆತನ ಬೆರೆತಿರುತ್ತಿತ್ತು. ರಕ್ತನಾಳಗಳೋ, ಮನೆತನಕ್ಕೊಂದು ಥರ. ಹಾನಿ ಕಡಿಮೆಯಾದದ್ದು ಕೆಡಿಸಿದ ಜೀನಿನಿಂದಲೋ ನಾಳಗಳಿಂದಲೋ ತಿಳಿಯುತ್ತಿರಲಿಲ್ಲ. ಕಪ್ಪು ಇಲಿಯಲ್ಲಿ ವಿಲಿಸ್ ಬಳೆಯ ಹಿಂಬದಿಯ ಕೊಂಡಿ ಬಹಳ ಸಲ ತೀರಾ ಸಣ್ಣದು, ಕೆಲವದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಕತ್ತಿನ ಎರಡೂ ನಾಳ ಕಟ್ಟಿದರೆ ಅದು ಸೋಲುತ್ತದೆ. ಆದರೆ ಮಿದುಳಿನ ಮೇಲ್ಮೈಯಲ್ಲಿ ಅದಕ್ಕೆ ಒಳದಾರಿಗಳು ಜಾಸ್ತಿ. ಮಧ್ಯದ ಧಮನಿ ಒಂದನ್ನೇ ಕಟ್ಟಿದರೆ ತಾಳಿಕೊಳ್ಳುತ್ತದೆ. ‘ಬಾಲ್ಬ್-ಸಿ’ ಎಂಬ ಬಿಳಿ ಇಲಿಗೆ ಅಲ್ಲಿ ಒಳದಾರಿ ತೀರಾ ಕಡಿಮೆ. ಅದೇ ಜಾಗದಲ್ಲಿ ಕಟ್ಟಿದರೂ ಅದಕ್ಕೆ ಹಾನಿ ಹೆಚ್ಚು. ಯಾವ ಇಲಿ ಗಟ್ಟಿ ಎಂದು ಕೇಳುವ ಮೊದಲು ಎಲ್ಲಿ ಕಟ್ಟಿದಿರಿ ಎಂದು ಕೇಳಬೇಕು. ಈ ಕಥೆಯಲ್ಲಿ ನನಗೆ ರುಚಿಸಿದ್ದೇ ಈ ಜಾಗ.

ಎಲ್ಲರೂ ಎಡವಲಿಲ್ಲ. ನರಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಜೀನ್ ಕೆಡಿಸಿದರೆ ಹಾನಿ ಕಡಿಮೆ ಎಂದು 1994ರಲ್ಲಿ ಹೇಳಿದವರು ರಕ್ತದ ಹರಿವನ್ನೂ ನಾಳಗಳ ರಚನೆಯನ್ನೂ ನೋಡಿಯೇ ಹೇಳಿದ್ದರು. ಆಮೇಲೆ ಒಂದೇ ಸೂಲಿನ ಒಡಹುಟ್ಟುಗಳನ್ನು ಹೋಲಿಸುವುದು, ನಾಳಗಳಿಗೆ ಬಣ್ಣ ತುಂಬಿ ಎಣಿಸುವುದು ಹೆಚ್ಚಾಯಿತು.

ಕೊನೆಗೆ, ಒಳದಾರಿ ಎಷ್ಟಿರಬೇಕೆಂದು ತೀರ್ಮಾನಿಸುವುದು ಯಾವುದು ಎಂದೇ ಹುಡುಕತೊಡಗಿದರು. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಜೇಮ್ಸ್ ಫೇಬರ್ ಅವರ ತಂಡ 2010ರಲ್ಲಿ 15 ತಳಿಗಳನ್ನು ಹೋಲಿಸಿತು. 2016ರಲ್ಲಿ ರಾಬೆಪ್2 ಎಂಬ ಜೀನ್ ಸಿಕ್ಕಿತು. ಅದನ್ನು ಕೆಡಿಸಿದ ಇಲಿಗಳಲ್ಲಿ ಒಳದಾರಿ ಕಡಿಮೆ, ಸ್ಟ್ರೋಕ್ ಹಾನಿ ಜಾಸ್ತಿ.

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಹೆಪ್ಪು ಕರಗಿಸುವ ಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಒಳದಾರಿ ಚೆನ್ನಾಗಿದ್ದವರ ಮಿದುಳು ಆಂಬುಲೆನ್ಸಿನಲ್ಲಿ ಇನ್ನಷ್ಟು ಹೊತ್ತು ತಾಳುತ್ತದೆ. ಅದು ಯಾರಿಗೆ ಎಷ್ಟಿದೆ ಎಂದು ಮುಖ ನೋಡಿ ಹೇಳಲಾಗದು. ಗೊತ್ತಾಗುವುದು ಆಸ್ಪತ್ರೆ ಮುಟ್ಟಿ, ನಾಳಗಳ ಸ್ಕ್ಯಾನ್ ಮಾಡಿದ ಮೇಲೆಯೇ.