ಗಂಗಾಧರನನ್ನು ಗೀತಾ ಏಕೆ ಗುರುತಿಸಲಿಲ್ಲ?

1997ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಶಕ್ತಿಮಾನ್’ ಧಾರಾವಾಹಿಯನ್ನು ನೋಡಿ ಬೆಳೆದವರಿಗೆ ಪಂಡಿತ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿ ಎಂಬ ಹೆಸರು ಇಂದಿಗೂ ಬಾಯಿಪಾಠ. ಕನ್ನಡಕ, ಮುಂಚಾಚಿದ ಹಲ್ಲು, ಪೆದ್ದುತನದ ನಗೆ ಇವೆಲ್ಲವನ್ನೂ ಹೊತ್ತ ಈ ಪತ್ರಿಕಾ ಛಾಯಾಗ್ರಾಹಕನೇ ಆಕಾಶದಲ್ಲಿ ಗಿರಗಿರನೆ ಸುತ್ತುತ್ತ ಬರುವ ಶಕ್ತಿಮಾನ್ ಎಂಬುದು ಮನೆಯ ಮಕ್ಕಳಿಗೆಲ್ಲ ಗೊತ್ತಿತ್ತು. ಅವನೊಡನೆ ದಿನವೂ ಕೆಲಸ ಮಾಡುತ್ತಿದ್ದ, ಶಕ್ತಿಮಾನನನ್ನೂ ತೀರ ಹತ್ತಿರದಿಂದ ಕಂಡಿದ್ದ ವರದಿಗಾರ್ತಿ ಗೀತಾ ವಿಶ್ವಾಸಳಿಗೆ ಮಾತ್ರ ಅದು ಬಹುಕಾಲ ಹೊಳೆಯಲಿಲ್ಲ. ಈ ಏರ್ಪಾಡಿನ ಮೂಲಪುರುಷ, 1938ರಲ್ಲಿ ಕಾಮಿಕ್ಸ್ ಪುಟಗಳಲ್ಲಿ ಹುಟ್ಟಿ 1952ರಲ್ಲಿ ಅಮೆರಿಕದ ಕಿರುತೆರೆಗೆ ಬಂದ ಸೂಪರ್‌ಮ್ಯಾನ್. ಅಲ್ಲಿಯೂ ಒಂದು ಪತ್ರಿಕಾ ಕಚೇರಿ, ಒಬ್ಬ ಸಂಕೋಚದ ಸಹೋದ್ಯೋಗಿ, ಒಂದು ಕನ್ನಡಕ, ಗುರುತು ಹಿಡಿಯದ ಒಬ್ಬ ಚುರುಕು ವರದಿಗಾರ್ತಿ.

ಕಥೆಗಾರರು ಇದಕ್ಕೊಂದು ನಂಬುವಂಥ ಕಾರಣ ಕೊಡಬೇಕೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಮನುಷ್ಯ ಹಾರುವುದನ್ನು ಒಪ್ಪಿದ ಮೇಲೆ ಕನ್ನಡಕದ ಬಗ್ಗೆ ತಕರಾರು ಏಕೆ ಎನ್ನುವವರು ಕೆಲವರು. ಇದು ನೋಡುಗರ ಬುದ್ಧಿಗೆ ಮಾಡುವ ಅವಮಾನ ಎನ್ನುವವರು ಇನ್ನು ಕೆಲವರು. ಮುಖವನ್ನು ಗುರುತಿಸುವ ಕೆಲಸವನ್ನು ಮನುಷ್ಯರು ನಿಜಕ್ಕೂ ಎಷ್ಟು ಚೆನ್ನಾಗಿ ಮಾಡುತ್ತಾರೆ ಎಂದು ಇಬ್ಬರೂ ಕೇಳುವುದಿಲ್ಲ. ಮನೋವಿಜ್ಞಾನಿಗಳು ಈ ಪ್ರಶ್ನೆಯನ್ನು ಹಲವು ದಶಕಗಳಿಂದ ಕೇಳುತ್ತಿದ್ದಾರೆ, ಮತ್ತು ಅವರಿಗೆ ಸಿಕ್ಕ ಉತ್ತರ ನಮ್ಮ ಆತ್ಮವಿಶ್ವಾಸಕ್ಕೆ ಹಿತವಾದುದಲ್ಲ.

2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ಸಂಶೋಧಕರು 40 ಛಾಯಾಚಿತ್ರಗಳನ್ನು ಕೊಟ್ಟು, ಒಬ್ಬೊಬ್ಬ ವ್ಯಕ್ತಿಯ ಚಿತ್ರಗಳನ್ನು ಒಂದೊಂದು ಗುಂಪು ಮಾಡಿ ಎಂದು ಕೇಳಿದರು. ಚಿತ್ರಗಳಲ್ಲಿ ಇದ್ದವರು ನೆದರ್ಲೆಂಡಿನ ಇಬ್ಬರು ಪ್ರಸಿದ್ಧ ಮಹಿಳೆಯರು ಮಾತ್ರ, ತಲಾ 20 ಚಿತ್ರಗಳು. ಅವರನ್ನು ಎಂದೂ ಕಂಡಿರದ ಬ್ರಿಟನ್ನಿನ ಜನ ಸಾಮಾನ್ಯವಾಗಿ ಏಳೆಂಟು ಗುಂಪು ಮಾಡಿದರು. ಅಂದರೆ ಇಬ್ಬರು ಅವರ ಕಣ್ಣಿಗೆ ಏಳೆಂಟು ಮಂದಿಯಾಗಿ ಕಂಡರು. ಅವೇ ಚಿತ್ರಗಳನ್ನು ನೆದರ್ಲೆಂಡಿನವರಿಗೆ ಕೊಟ್ಟಾಗ ಅವರು ತಡವರಿಸದೆ ಎರಡೇ ಗುಂಪು ಮಾಡಿದರು. ಬೆಳಕು, ಕೋನ, ಕ್ಯಾಮೆರಾದ ದೂರ, ಮುಖಭಾವ, ವಯಸ್ಸು ಇವು ಒಬ್ಬನದೇ ಮುಖವನ್ನು ಎಷ್ಟು ಬದಲಿಸುತ್ತವೆ ಎಂಬುದು ಅಪರಿಚಿತರಿಗೆ ಗೊತ್ತಿರುವುದಿಲ್ಲ. ಆ ಬದಲಾವಣೆಗಳ ನಡುವೆ ಬದಲಾಗದೆ ಉಳಿಯುವುದು ಯಾವುದೆಂದು ಮಿದುಳು ಕಲಿಯುವುದು ಬಳಕೆಯಿಂದಲೇ.

ಕಲಿಯದ ಮುಖದಲ್ಲಿ ನಮ್ಮ ಕಣ್ಣು ಕೂದಲು, ಹಣೆಯ ಅಂಚು, ಮುಖದ ಸುತ್ತಳತೆಯಂಥ ಹೊರಭಾಗಗಳನ್ನು ಹೆಚ್ಚಾಗಿ ಆಶ್ರಯಿಸುತ್ತದೆ. ಬಳಕೆಯ ಮುಖದಲ್ಲಿ ಕಣ್ಣು, ಮೂಗು, ಬಾಯಿಗಳ ಒಳಭಾಗ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು 1979ರಿಂದಲೇ ತಿಳಿದಿರುವ ಸಂಗತಿ. ತಲೆ ಬಾಚುವ ರೀತಿ ಬದಲಿಸಿ ಕನ್ನಡಕ ಹಾಕಿಕೊಳ್ಳುವವನು ತಿಳಿದೋ ತಿಳಿಯದೆಯೋ ಅಪರಿಚಿತರ ಆಧಾರವನ್ನೇ ಕೀಳುತ್ತಿದ್ದಾನೆ.

ಕನ್ನಡಕವನ್ನೇ ನೇರವಾಗಿ ಪರೀಕ್ಷಿಸಿದವರೂ ಇದ್ದಾರೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಸೂಪರ್‌ಮ್ಯಾನನ ಹೆಸರನ್ನೇ ತಲೆಬರಹದಲ್ಲಿ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿದರು. ಎರಡು ಚಿತ್ರಗಳನ್ನು ತೋರಿಸಿ ಇವರಿಬ್ಬರೂ ಒಬ್ಬರೇ ಹೌದೋ ಅಲ್ಲವೋ ಎಂದು ಕೇಳಿದಾಗ, ಎರಡರಲ್ಲೂ ಕನ್ನಡಕವಿದ್ದರೆ ಅಥವಾ ಎರಡರಲ್ಲೂ ಇಲ್ಲದಿದ್ದರೆ ಸುಮಾರು ಶೇ. 80ರಷ್ಟು ಉತ್ತರಗಳು ಸರಿಯಾಗಿದ್ದವು; ಒಂದರಲ್ಲಿ ಮಾತ್ರ ಕನ್ನಡಕವಿದ್ದಾಗ ಅದು ಶೇ. 6ರಷ್ಟು ಕುಸಿಯಿತು. ಪತ್ರಿಕೆಗಳು ಆ ಆರನ್ನು ಹಿಡಿದು ಸೂಪರ್‌ಮ್ಯಾನ್ ಗೆದ್ದ ಎಂದು ಬರೆದವು. ನನಗಾದರೋ ಉಳಿದ ಇಪ್ಪತ್ತೇ ಹೆಚ್ಚು ಮುಖ್ಯವೆನಿಸುತ್ತದೆ. ಯಾವ ವೇಷವೂ ಇಲ್ಲದೆ, ಸಾವಕಾಶವಾಗಿ ಎರಡು ಸ್ಪಷ್ಟ ಚಿತ್ರಗಳನ್ನು ಎದುರಿಗಿಟ್ಟುಕೊಂಡು ನೋಡಿದಾಗಲೂ ಐದರಲ್ಲಿ ಒಂದು ಉತ್ತರ ತಪ್ಪಾಗುತ್ತದೆ.

ಇದೇ ಉದ್ಯೋಗವಾಗಿರುವವರೂ ಇದಕ್ಕೆ ಹೊರತಲ್ಲ. 1997ರಲ್ಲಿ ಬ್ರಿಟನ್ನಿನ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ನಡೆದ ಪ್ರಯೋಗದಲ್ಲಿ ಬೇರೊಬ್ಬರ ಭಾವಚಿತ್ರವಿದ್ದ ಕ್ರೆಡಿಟ್ ಕಾರ್ಡುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕ್ಯಾಶಿಯರುಗಳು ಸ್ವೀಕರಿಸಿದರು. 2014ರಲ್ಲಿ ಆಸ್ಟ್ರೇಲಿಯದ ಪಾಸ್‌ಪೋರ್ಟ್ ಅಧಿಕಾರಿಗಳನ್ನು ಪರೀಕ್ಷಿಸಿದಾಗ, ಎದುರಿಗೆ ನಿಂತವರದಲ್ಲದ ಚಿತ್ರವನ್ನು ಅವರು ಶೇ. 14ರಷ್ಟು ಸಲ ಸರಿ ಎಂದು ಒಪ್ಪಿದರು. ಹೆಚ್ಚು ವರ್ಷ ಸೇವೆ ಸಲ್ಲಿಸಿದವರು ಹೊಸಬರಿಗಿಂತ ಮೇಲೇನೂ ಆಗಿರಲಿಲ್ಲ. ಕುಮಟಾದಿಂದ ಶಿರಸಿಗೆ ಘಟ್ಟ ಹತ್ತುವ ತುಂಬಿದ ಬಸ್ಸಿನಲ್ಲಿ ಪಾಸಿನ ಮೇಲಿನ ಅಂಚೆಚೀಟಿ ಗಾತ್ರದ ಚಿತ್ರವನ್ನೂ ವಿದ್ಯಾರ್ಥಿಯ ಮುಖವನ್ನೂ ಒಂದೇ ನೋಟದಲ್ಲಿ ಹೋಲಿಸಬೇಕಾದ ಕಂಡಕ್ಟರಿನಿಂದ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಆದ್ದರಿಂದ ನಾಯಕನು ಕಾಪಾಡಿದ ಊರಿನ ಜನ, ಅವನು ಹಿಡಿದುಕೊಟ್ಟ ಕಳ್ಳರು, ಅವನ ಸುದ್ದಿ ಓದುವ ನಿರೂಪಕಿ ಇವರ್‍ಯಾರೂ ಅವನನ್ನು ಬಸ್‌ನಿಲ್ದಾಣದಲ್ಲಿ ಗುರುತಿಸದಿದ್ದರೆ ಅದಕ್ಕೆ ಕಾರಣ ಕೊಡುವ ಅಗತ್ಯವೇ ಇಲ್ಲ. ಅವರು ಗುರುತಿಸಿದರೆ ಕಾರಣ ಕೊಡಬೇಕಾಗುತ್ತದೆ.

ಗೀತಾಳ ಸಂಗತಿ ಬೇರೆ. ಒಬ್ಬ ಮನುಷ್ಯ ಸರಾಸರಿ ಸುಮಾರು 5,000 ಮುಖಗಳನ್ನು ಬಲ್ಲ ಎಂದು 2018ರ ಒಂದು ಅಧ್ಯಯನ ಅಂದಾಜಿಸಿದೆ, ಮತ್ತು ಆ ಪಟ್ಟಿಯಲ್ಲಿರುವ ಮುಖಗಳ ವಿಷಯದಲ್ಲಿ ನಮ್ಮ ಸಾಮರ್ಥ್ಯ ಬೆರಗು ಹುಟ್ಟಿಸುವಷ್ಟು ಗಟ್ಟಿಯಾದುದು. 1999ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರನ್ನು ಮಸುಕು ಮಸುಕಾದ ಭದ್ರತಾ ಕ್ಯಾಮೆರಾ ದೃಶ್ಯದಲ್ಲಿಯೂ ಸುಲಭವಾಗಿ ಗುರುತಿಸಿದರು. ಪರಿಚಯವಿಲ್ಲದವರು, ಅವರಲ್ಲಿ ಪೊಲೀಸರೂ ಇದ್ದರು, ತಡಕಾಡಿದರು. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮುಖವನ್ನು ಮರೆಸಿಕೊಳ್ಳಲೆಂದೇ ಕೂದಲು, ಪ್ರಸಾಧನ, ಮುಖಭಾವಗಳನ್ನು ಬೇಕಾದಂತೆ ಬದಲಿಸಿಕೊಳ್ಳಲು ರೂಪದರ್ಶಿಗಳಿಗೆ ಸ್ವಾತಂತ್ರ್ಯ ಕೊಡಲಾಗಿತ್ತು. ಅಪರಿಚಿತರು ಚೆನ್ನಾಗಿಯೇ ಮೋಸಹೋದರು. ಮೊದಲೇ ಬಲ್ಲವರು ಅಷ್ಟಾಗಿ ಹೋಗಲಿಲ್ಲ.

ಉತ್ತರ ಕನ್ನಡದವರಿಗೆ ಇದು ಪ್ರಯೋಗಾಲಯವಿಲ್ಲದೆಯೂ ತಿಳಿದಿರುವ ವಿಷಯ. ಹೊನ್ನಾವರ, ಕುಮಟಾ, ಸಿದ್ದಾಪುರದ ಕಡೆ ಯಕ್ಷಗಾನ ನೋಡುವ ಹಳಬರ ಪಕ್ಕದಲ್ಲಿ ಹೊಸಬನೊಬ್ಬ ಕುಳಿತರೆ, ಅವನಿಗೆ ಕಾಣುವುದು ಕೇದಗೆ ಮುಂದಲೆ ಕಟ್ಟಿದ ಒಬ್ಬ ಅಭಿಮನ್ಯು ಅಥವಾ ಮುಖ ತುಂಬ ಬಣ್ಣ ಬಳಿದುಕೊಂಡು ತೆರೆಯ ಹಿಂದಿನಿಂದ ಆರ್ಭಟಿಸುವ ಒಬ್ಬ ರಾಕ್ಷಸ. ಹಳಬರಿಗೆ ಆರ್ಭಟ ಕೇಳಿದೊಡನೆಯೇ ವೇಷ ಯಾರದೆಂದು ತಿಳಿದಿರುತ್ತದೆ, ಒಡ್ಡೋಲಗದ ನಾಲ್ಕು ಹೆಜ್ಜೆಯಲ್ಲಿ ಅದು ಖಚಿತವಾಗುತ್ತದೆ, ಅರ್ಥ ಹೇಳಲು ಬಾಯಿ ತೆರೆದ ಮೇಲಂತೂ ಸಂಶಯಕ್ಕೆ ಎಡೆಯೇ ಇಲ್ಲ. ಯಾವ ಸೂಪರ್‌ಹೀರೋನ ಕನ್ನಡಕವೂ ಬಣ್ಣದ ವೇಷದ ಮುಖವರ್ಣಿಕೆಯಷ್ಟು ಮುಖವನ್ನು ಮುಚ್ಚಲಾರದು. ಅಂಥ ಬಣ್ಣವೇ ಬಲ್ಲವರನ್ನು ಮರುಳುಗೊಳಿಸಲಾರದಾಯಿತು. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷದ ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷ ಬೀದಿಗಿಳಿದಾಗಲೂ ಹೀಗೆಯೇ: ಹೊರಗಿನಿಂದ ಬಂದವರು ಹಗ್ಗ ಜಗ್ಗುತ್ತ ಹಾರಾಡುವ ಬೇಡನನ್ನು ಕಂಡು ಹಿಂದೆ ಸರಿಯುತ್ತಾರೆ, ಅವನ ಕೇರಿಯ ಹುಡುಗರು ಹೆಸರು ಹಿಡಿದು ಕೂಗುತ್ತಾರೆ.

ಹಾಗೆಂದು ಹೆಜ್ಜೆಯೊಂದನ್ನೇ ನಂಬಿ ಗುರುತಿಸುವುದು ಸುಲಭವಲ್ಲ ಎಂಬುದನ್ನೂ ಹೇಳಬೇಕು. 1977ರಲ್ಲಿ ಅಮೆರಿಕದ ಸಂಶೋಧಕರು ಆರು ಮಂದಿ ಸ್ನೇಹಿತರು ನಡೆಯುವುದನ್ನು, ಕೀಲುಗಳ ಬಳಿಯ ಬೆಳಕಿನ ಚುಕ್ಕೆಗಳಷ್ಟೇ ಕಾಣುವಂತೆ ಚಿತ್ರಿಸಿ ಅವರಿಗೇ ತೋರಿಸಿದರು. ಕುರುಡು ಊಹೆಯಿಂದ ಶೇ. 17ರಷ್ಟು ಸರಿಯಾಗಬೇಕಿದ್ದಲ್ಲಿ ಶೇ. 38ರಷ್ಟು ಸರಿಯಾಯಿತು. ಊಹೆಗಿಂತ ಬಹಳ ಮೇಲು, ಖಚಿತತೆಗಿಂತ ಬಹಳ ಕೆಳಗೆ. ಯಕ್ಷಗಾನದ ಪ್ರೇಕ್ಷಕನನ್ನು ಗೆಲ್ಲಿಸುವುದು ಹೆಜ್ಜೆ, ಧ್ವನಿ, ಮೈಕಟ್ಟು, ಕೈ ತಿರುಗಿಸುವ ಬಗೆ ಇವೆಲ್ಲ ಒಟ್ಟಾಗಿ ಕೊಡುವ ಸಾಕ್ಷ್ಯ. ಭುಜ ಬಾಗಿಸಿ, ದನಿ ಸಣ್ಣದು ಮಾಡಿ, ನಡಿಗೆಯನ್ನು ಅಡ್ಡಾದಿಡ್ಡಿಯಾಗಿಸುವ ನಟ ಈ ಸಾಕ್ಷ್ಯಗಳನ್ನು ಒಂದೊಂದಾಗಿ ಅಳಿಸುತ್ತಾನೆ. ಗಂಗಾಧರನ ಪೆದ್ದುತನ ಅವನ ಕನ್ನಡಕಕ್ಕಿಂತ ಒಳ್ಳೆಯ ವೇಷವಾಗುವುದು ಇದರಿಂದಲೇ.

ಅವನ ಪರವಾಗಿ ಇನ್ನೂ ಒಂದು ಬಲವಾದ ಸಂಗತಿಯಿದೆ, ಅದು ನಿರೀಕ್ಷೆ. ಕಾರವಾರದ ಮೀನುಪೇಟೆಯಲ್ಲಿ ವಾರಕ್ಕೆರಡು ಸಲ ಬಂಗಡೆ ಕೊಡುವ ಹೆಂಗಸು ಹುಬ್ಬಳ್ಳಿಯ ಆಸ್ಪತ್ರೆಯೊಂದರ ವರಾಂಡದಲ್ಲಿ ಎದುರಾದರೆ, ಎಲ್ಲೋ ನೋಡಿದ ಮುಖ ಎಂಬಲ್ಲಿಗೆ ನೆನಪು ನಿಂತುಬಿಡುತ್ತದೆ. ಸ್ಥಳ ತಪ್ಪಿದ ಮುಖದ ಈ ತೊಡಕನ್ನು 1980ರಷ್ಟು ಹಿಂದೆಯೇ ಮನೋವಿಜ್ಞಾನಿಗಳು ಚರ್ಚಿಸಿದ್ದರು. ಅವರ ಉದಾಹರಣೆ ಬಸ್ಸಿನಲ್ಲಿ ಸಿಕ್ಕ ಕಸಾಯಿಯವನದು. 1998ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಇನ್ನೂ ವಿಚಿತ್ರವಾದುದು. ದಾರಿ ಕೇಳುತ್ತ ನಿಂತ ಅಪರಿಚಿತನೊಡನೆ ಒಬ್ಬರು ಮಾತಾಡುತ್ತಿರುವಾಗ ಇಬ್ಬರ ನಡುವೆ ಬಾಗಿಲೊಂದನ್ನು ಹೊತ್ತವರು ಹಾದುಹೋದರು, ಆ ಮರೆಯಲ್ಲಿ ದಾರಿ ಕೇಳುತ್ತಿದ್ದವನು ಬದಲಾದ. ಹದಿನೈದು ಮಂದಿಯಲ್ಲಿ ಎಂಟು ಜನರಿಗೆ ಎದುರಿನ ಮನುಷ್ಯ ಬೇರೆಯಾದುದೇ ತಿಳಿಯಲಿಲ್ಲ. ಹುಡುಕದವನಿಗೆ ಕಾಣುವುದಿಲ್ಲ, ಆಕಾಶದಲ್ಲಿ ಹಾರಬಲ್ಲವನು ಹಗಲೆಲ್ಲ ಕಚೇರಿಯಲ್ಲಿ ಸಂಪಾದಕರ ಬೈಗುಳ ತಿನ್ನುತ್ತಿರಬಹುದೆಂದು ಹುಡುಕುವ ಕಾರಣ ಗೀತಾಳಿಗೆ ಇರಲಿಲ್ಲ. ಆದರೆ ನಿರೀಕ್ಷೆ ಎಂಬುದು ಒಂದು ಸಂಶಯ ಹುಟ್ಟುವವರೆಗೆ ಮಾತ್ರ ಕಾಯುವ ಬೇಲಿ. ಒಮ್ಮೆ ಪ್ರಶ್ನೆ ಎದ್ದರೆ ಬಲ್ಲವಳ ಕಣ್ಣಿಗೆ ಕನ್ನಡಕ ತಡೆಯೊಡ್ಡುವುದಿಲ್ಲ, ಆದ್ದರಿಂದ ಕಥೆಗಾರ ಕಾರಣ ಕೊಡಬೇಕಾದ ಜಾಗ ಇದೇ.

ನಮ್ಮ ಹಳೆಯ ಕವಿಗಳು ಈ ಜಾಗವನ್ನು ಸರಿಯಾಗಿಯೇ ಗುರುತಿಸಿದ್ದರು. ಪಾಂಡವರು ಅಜ್ಞಾತವಾಸಕ್ಕೆ ಆರಿಸಿಕೊಂಡದ್ದು ತಮ್ಮನ್ನು ನಿತ್ಯ ಕಂಡವರಿಲ್ಲದ ವಿರಾಟನಗರವನ್ನು. ಕಂಕಭಟ್ಟನ ಸನ್ಯಾಸಿ ವೇಷವೂ ವಲಲನ ಸೌಟೂ ಅಪರಿಚಿತರ ಮುಂದೆ ಸಾಕಾಗುತ್ತವೆ. ಮೇಲೆ ಯಕ್ಷಪ್ರಶ್ನೆಯ ಕೊನೆಯಲ್ಲಿ ಯಮಧರ್ಮ ಕೊಟ್ಟ ವರವಿದೆ, ಅರ್ಜುನನಿಗೆ ಊರ್ವಶಿಯ ಶಾಪವಿದೆ. ಅಷ್ಟಿದ್ದರೂ ಕನ್ನಡದ ಕಥೆಯಲ್ಲಿ ಗುಟ್ಟು ಒಡೆಯುವುದು ಕೃತ್ಯದಿಂದ. ಕೀಚಕನನ್ನು ಬರಿಗೈಯಲ್ಲಿ ಕೊಲ್ಲಬಲ್ಲವರು ಬೆರಳೆಣಿಕೆಯಷ್ಟೇ ಎಂದು ದುರ್ಯೋಧನ ಲೆಕ್ಕಹಾಕುತ್ತಾನೆ. ಮುಂದೆ ಗೋಗ್ರಹಣದಲ್ಲಿ ರಥವೇರಿ ಬಂದ ಬೃಹನ್ನಳೆಯನ್ನು ದ್ರೋಣರು ಬಿಲ್ಲಿನ ಟಂಕಾರ, ಶಂಖದ ನಾದಗಳಿಂದಲೇ ಅರಿಯುತ್ತಾರೆ. ಬಲ್ಲವರು ಗುರುತಿಸುವ ಬಗೆಯೇ ಅದು.

ಹೊಸ ಕಾಲದ ಕಥೆಗಾರರಿಗೆ ಈ ಹದ ಯಾವಾಗಲೂ ಸಿಕ್ಕಿದೆ ಎನ್ನಲಾಗದು. 1978ರ ಸೂಪರ್‌ಮ್ಯಾನ್ ಕಾಮಿಕ್ಸ್ ಸಂಚಿಕೆಯೊಂದರಲ್ಲಿ, ಅವನಿಗರಿವಿಲ್ಲದೆಯೇ ಕನ್ನಡಕದ ಗಾಜಿನ ಮೂಲಕ ಸಮ್ಮೋಹನ ಶಕ್ತಿ ಹರಿದು, ನೋಡುವವರಿಗೆ ಅವನು ಬಡಕಲು ಮನುಷ್ಯನಾಗಿ ಕಾಣುತ್ತಾನೆ ಎಂಬ ವಿವರಣೆ ಬಂದಿತು. ಹಾಗಾದರೆ ಛಾಯಾಚಿತ್ರದಲ್ಲಿ ಅವನು ಹೇಗೆ ಕಾಣುತ್ತಾನೆ ಎಂಬ ಪ್ರಶ್ನೆ ಮರುಕ್ಷಣವೇ ಹುಟ್ಟುತ್ತದೆ. ಆ ವಿವರಣೆ ಬಹುಕಾಲ ಬಾಳಲಿಲ್ಲ. ಒಂದು ಅನಗತ್ಯ ಕಾರಣ ಹತ್ತು ಹೊಸ ಕಾರಣಗಳನ್ನು ಕೇಳುತ್ತದೆ. ಇದಕ್ಕೆ ಹೋಲಿಸಿದರೆ, 2014ರಲ್ಲಿ ಆರಂಭವಾದ ‘ದ ಫ್ಲ್ಯಾಶ್’ ಧಾರಾವಾಹಿಯ ನಾಯಕ ಬಾಲ್ಯದಿಂದ ಬಲ್ಲ ಗೆಳತಿಯ ಮುಂದೆ ನಿಂತಾಗ ಮುಖವನ್ನು ವೇಗವಾಗಿ ಕಂಪಿಸಿ ಮಸುಕಾಗಿಸುವುದು, ದನಿಯನ್ನೂ ಬದಲಿಸುವುದು ಹೆಚ್ಚು ಜಾಣತನದ ಏರ್ಪಾಡು. ಅದರ ಭೌತಶಾಸ್ತ್ರ ಏನೇ ಇರಲಿ, ಮನೋವಿಜ್ಞಾನ ಸರಿಯಾಗಿದೆ: ಮರೆಸಬೇಕಾದದ್ದನ್ನು, ಮರೆಸಬೇಕಾದವರಿಂದ ಮರೆಸಿದ್ದಾನೆ.

ಈಗಿನ ಧಾರಾವಾಹಿಗಳಿಗೆ ಎದುರಾಗಿರುವ ಹೊಸ ತೊಡಕು ಯಂತ್ರಗಳದು. ಮುಖ ಗುರುತಿಸುವ ತಂತ್ರಾಂಶವು ಒಬ್ಬೊಬ್ಬ ವ್ಯಕ್ತಿಯ ಹಲವು ಚಿತ್ರಗಳಿರುವ ದೊಡ್ಡ ಸಂಗ್ರಹದಿಂದ ತರಬೇತಿ ಪಡೆದು, ಪ್ರತಿ ಮುಖವನ್ನೂ ಒಂದು ಸಂಖ್ಯಾಸಾಲಾಗಿ ಬದಲಿಸುತ್ತದೆ. ಬೆಳಕು, ಕೋನ, ಕನ್ನಡಕ ಬದಲಾದರೂ ಒಬ್ಬನ ಸಾಲುಗಳು ಹತ್ತಿರ ಹತ್ತಿರವೇ ಇರುವಂತೆ ಅದನ್ನು ತಿದ್ದಲಾಗಿರುತ್ತದೆ. ಅಪರಿಚಿತನ ಮುಖವನ್ನೂ ಅದು ಒಂದು ಬಗೆಯಲ್ಲಿ ಪರಿಚಿತನ ಕಣ್ಣಿನಿಂದ ನೋಡುತ್ತದೆ. ಬಾಯಿ ಮೂಗು ಮುಚ್ಚುವ ಮಾಸ್ಕು ಅದನ್ನು ನಿಜಕ್ಕೂ ತಡವರಿಸುವಂತೆ ಮಾಡಿತ್ತು: ಕೋವಿಡ್ ಬರುವ ಮೊದಲು ರಚಿಸಿದ 89 ಕ್ರಮವಿಧಿಗಳನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2020ರಲ್ಲಿ ಪರೀಕ್ಷಿಸಿದಾಗ, ಮಾಸ್ಕು ಹಾಕಿದ ಮುಖಗಳಲ್ಲಿ ಅವುಗಳ ತಪ್ಪಿನ ಪ್ರಮಾಣ ಶೇ. 5ರಿಂದ 50ರವರೆಗೆ ಇತ್ತು. ಬರಿಯ ಕನ್ನಡಕಕ್ಕೆ ಅಷ್ಟು ಶಕ್ತಿಯಿಲ್ಲ. ಇಂದು ಯಾರಾದರೂ ಗಂಗಾಧರನ ಕಥೆಯನ್ನು ಹೊಸದಾಗಿ ಬರೆಯಹೊರಟರೆ, ಕಚೇರಿಯ ಸಮಾರಂಭದ ಚಿತ್ರಗಳನ್ನೂ ಶಕ್ತಿಮಾನನ ಚಿತ್ರಗಳನ್ನೂ ಗೀತಾಳ ಮೊಬೈಲಿನ ಗ್ಯಾಲರಿ ತಾನಾಗಿಯೇ ಒಂದೇ ಮುಖದ ಕೆಳಗೆ ಜೋಡಿಸಿಟ್ಟು, ಇವರ ಹೆಸರೇನು ಎಂದು ಅವಳನ್ನು ಕೇಳದಿರಲು ಒಂದು ಕಾರಣವನ್ನು ಮೊದಲ ಕಂತಿನಲ್ಲಿಯೇ ಹುಡುಕಬೇಕಾಗುತ್ತದೆ.